ನರ್ಸ್ ಆಗಿ ಜರ್ಮನಿಗೆ: ಮೊದಲ ಭಾಷಾ ಕ್ಲಾಸಿನಿಂದ ಅಂಚೆ ಡಬ್ಬಿಯ ಹೆಸರಿನವರೆಗೆ

ರಾತ್ರಿ ಡ್ಯೂಟಿ ಮುಗಿಸಿ ಫೋನ್ ತೆರೆದರೆ ವಾರಕ್ಕೆ ಎರಡು ಮೂರು ಇಂಥ ಮೆಸೇಜ್ ಇದ್ದೇ ಇರುತ್ತವೆ. "ಅಕ್ಕಾ, ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದೀನಿ. ಇಲ್ಲಿ ಸಾಕಾಗಿದೆ. ಅಲ್ಲಿಗೆ ಬರೋಕೆ ಏನ್ ಮಾಡ್ಬೇಕು? ಏಜೆಂಟ್ ಒಬ್ಬರು ಮೂರು ಲಕ್ಷ ಕೇಳ್ತಿದ್ದಾರೆ, ಕೊಡ್ಲಾ?" ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಬರೆಯುವ ಬದಲು ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಮೂರು ಲಕ್ಷದ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೊಡಬೇಡಿ. ಆ ದುಡ್ಡಿನಲ್ಲಿ ಒಂದು ಪಾಲು ಜರ್ಮನ್ ಭಾಷೆ ಕಲಿಯಲು ಹಾಕಿ. ಈ ದಾರಿಯಲ್ಲಿ ನಿಮ್ಮನ್ನು ಕಾಪಾಡುವುದು ಭಾಷೆಯೇ. ಕಾಗದ ಪತ್ರ, ವೀಸಾ, ಕೆಲಸ ಎಲ್ಲ ಅದರ ಹಿಂದೆ ಬರುತ್ತವೆ.

ನಾನು ಹಾಸನ ಜಿಲ್ಲೆಯವಳು. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದಿ, ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಈಗ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಿನಲ್ಲಿದ್ದೇನೆ. ಇಲ್ಲಿ ಬರೆದಿರುವುದು ಜರ್ಮನಿಯ ದಾರಿ ಮಾತ್ರ. ಕೊಲ್ಲಿ ದೇಶ, ಬ್ರಿಟನ್, ಐರ್ಲೆಂಡ್‌ನ ನಿಯಮಗಳೇ ಬೇರೆ.

ಹೆಜ್ಜೆ 1: ಅಲ್ಲಿನ ಕೆಲಸ ಹೇಗಿರುತ್ತದೆ ಅಂತ ಮೊದಲು ತಿಳಿದುಕೊಳ್ಳಿ

ಎಲ್ಲರೂ ಸಂಬಳದಿಂದ ಶುರುಮಾಡುತ್ತಾರೆ. ನೀವು ಕೆಲಸದಿಂದ ಶುರುಮಾಡಿ. ಬಂದ ಮೇಲೆ ಅಳುವವರಲ್ಲಿ ಜಾಸ್ತಿ ಜನ ಸಂಬಳ ಕಡಿಮೆ ಅಂತ ಅಳುವುದಿಲ್ಲ. "ನಾನು ಐಸಿಯು ನರ್ಸ್, ಇಲ್ಲಿ ನನ್ನ ಕೈಯಲ್ಲಿ ಇದನ್ನು ಮಾಡಿಸುತ್ತಿದ್ದಾರಲ್ಲ" ಅಂತ ಅಳುತ್ತಾರೆ.

ನಮ್ಮಲ್ಲಿ ನರ್ಸ್ ಅಂದರೆ ಐವಿ ಲೈನ್, ಇಂಜೆಕ್ಷನ್, ಡಾಕ್ಟರ್ ರೌಂಡ್ಸ್, ಚಾರ್ಟ್. ರೋಗಿಗೆ ಮೈ ಒರೆಸುವುದು, ಊಟ ಮಾಡಿಸುವುದು ಮನೆಯವರದ್ದೋ ಆಯಾಗಳದ್ದೋ ಕೆಲಸ. ಜರ್ಮನಿಯಲ್ಲಿ ಹಾಗಲ್ಲ. ರಕ್ತ ತೆಗೆಯುವುದು, ಐವಿ ಹಾಕುವುದು ಎಷ್ಟೋ ಆಸ್ಪತ್ರೆಗಳಲ್ಲಿ ಡಾಕ್ಟರ್ ಕೆಲಸ. ಮೈ ತೊಳೆಸುವುದು, ಬಟ್ಟೆ ಹಾಕುವುದು, ಟಾಯ್ಲೆಟ್‌ಗೆ ಕರೆದೊಯ್ಯುವುದು ನರ್ಸ್ ಕೆಲಸ. ಇದನ್ನು ಅವರು 'ಗ್ರುಂಡ್‌ಪ್ಫ್ಲೇಗೆ', ಅಂದರೆ ಮೂಲ ಆರೈಕೆ ಅನ್ನುತ್ತಾರೆ.

ನನ್ನ ಮೊದಲ ವಾರ. ಬೆಳಗ್ಗೆ ಆರೂವರೆ. ಎಂಬತ್ತು ದಾಟಿದ ಒಬ್ಬ ಅಜ್ಜಿ. ಬೋಗುಣಿಯಲ್ಲಿ ಬಿಸಿನೀರು ತಂದು, ಬಟ್ಟೆ ಅದ್ದಿ ಹಿಂಡಿ, ಮುಖ ಒರೆಸಲು ಹೋದೆ. ಜೊತೆಗಿದ್ದ ಹಿರಿಯ ನರ್ಸ್ ನನ್ನ ಕೈ ಹಿಡಿದರು. ಬಟ್ಟೆಯನ್ನು ಅಜ್ಜಿಯ ಕೈಗೇ ಕೊಟ್ಟರು. ಅಜ್ಜಿ ನಿಧಾನವಾಗಿ ಹಣೆ, ಕಣ್ಣು, ಕೆನ್ನೆ ಒರೆಸಿಕೊಂಡರು. ನಾಲ್ಕು ನಿಮಿಷವೇ ಆಯಿತು. ನಾನು ಮಾಡಿದ್ದರೆ ಅರ್ಧ ನಿಮಿಷ. "ಅವರಿಂದ ಆಗುವುದನ್ನು ನೀನು ಮಾಡಬೇಡ" ಅಂದರು. ಬೆನ್ನು ಮಾತ್ರ ನಾನು ತೊಳೆದೆ. ಅದರಲ್ಲೂ ಒಂದು ವಿದ್ಯೆ ಇದೆ ಅಂತ ಒಪ್ಪಿಕೊಳ್ಳಲು ನನಗೆ ಕೆಲವು ತಿಂಗಳು ಬೇಕಾಯಿತು. ಒಪ್ಪಿಕೊಂಡ ಮೇಲೆ ಈ ಕೆಲಸದ ಮೇಲೆ ಪ್ರೀತಿ ಬಂತು. ನಿಮಗೆ ಇದು ಖಂಡಿತ ಆಗುವುದಿಲ್ಲ ಅನ್ನಿಸಿದರೆ ಬೇರೆ ದೇಶ ನೋಡುವುದು ಒಳ್ಳೆಯದು.

ಇನ್ನೊಂದು ಕೆಲಸ. ಒಂದು ನೋಟ್‌ಬುಕ್ ತೆಗೆದುಕೊಂಡು ನೀವು ಯಾಕೆ ಹೋಗುತ್ತಿದ್ದೀರಿ ಅಂತ ಬರೆಯಿರಿ. ಸಾಲ ತೀರಿಸಲಾ? ಮದುವೆ ಮಾತಿನಿಂದ ದೂರ ಇರಲಾ? ವಾರ್ಡ್‌ನಲ್ಲಿ ಸಿಗದ ಮರ್ಯಾದೆಗಾ? ಮೂರೂ ಒಪ್ಪುವಂಥ ಕಾರಣಗಳೇ. ಆದರೆ ಮೂರಕ್ಕೂ ಲೆಕ್ಕ ಬೇರೆ. ಐದು ವರ್ಷ ದುಡಿದು ವಾಪಸ್ ಬರುವವರಿಗೆ ಒಂದು ಯೋಜನೆ. ಅಲ್ಲೇ ನೆಲೆಸುವವರಿಗೆ ಇನ್ನೊಂದು. ನಿಮ್ಮ ಓದಿಗೆ ಪೂರ್ಣ ಮಾನ್ಯತೆ ಸಿಕ್ಕಿ, ನುರಿತ ಉದ್ಯೋಗಿಯ ಪರವಾನಗಿಯಲ್ಲಿ ಮೂರು ವರ್ಷ ಕೆಲಸ ಮಾಡಿದರೆ ಕಾಯಂ ವಾಸದ ಅನುಮತಿಗೆ ಅರ್ಜಿ ಹಾಕಬಹುದು. ಐದು ವರ್ಷಕ್ಕೆ ಪೌರತ್ವಕ್ಕೂ ಹಾಕಬಹುದು. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಜರ್ಮನ್ ಪಾಸ್‌ಪೋರ್ಟ್ ತೆಗೆದುಕೊಂಡ ದಿನ ನಮ್ಮದು ಹೋಗುತ್ತದೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಮಾತ್ರ ಉಳಿಯುತ್ತದೆ. ಒಸಿಐ ಕಾರ್ಡ್ ಇರುವವರು ಕೃಷಿ ಜಮೀನು ಕೊಳ್ಳುವಂತಿಲ್ಲ. ಊರಲ್ಲಿ ನಾಲ್ಕು ಎಕರೆ ತೋಟ ಮಾಡಬೇಕು ಅನ್ನುವ ಆಸೆ ಇರುವವರು ಇದನ್ನು ಈಗಲೇ ತಲೆಯಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 2: ನಿಮ್ಮ ಓದನ್ನು ಅವರು ಹೇಗೆ ಅಳೆಯುತ್ತಾರೆ

ಜರ್ಮನಿಯಲ್ಲಿ ನರ್ಸಿಂಗ್ ಮೂರು ವರ್ಷದ ವೃತ್ತಿ ತರಬೇತಿ. 2,100 ಗಂಟೆ ಪಾಠ, 2,500 ಗಂಟೆ ವಾರ್ಡ್ ಕೆಲಸ, ಒಟ್ಟು 4,600 ಗಂಟೆ. ನಿಮ್ಮ ಓದನ್ನು ಅವರು ಈ ಗಂಟೆಗಳ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಜಿಎನ್‌ಎಂ ಆದವರೂ ಅರ್ಜಿ ಹಾಕಬಹುದು, ಬಿಎಸ್ಸಿ ಆದವರೂ ಹಾಕಬಹುದು. "ಬಿಎಸ್ಸಿ ಇಲ್ಲದಿದ್ದರೆ ಆಗಲ್ಲ" ಅನ್ನುವುದು ಸುಳ್ಳು.

ಪಿಯುಸಿ ಮುಗಿಸಿ ಇನ್ನೂ ನರ್ಸಿಂಗ್ ಸೇರದವರಿಗೆ ಬೇರೆ ದಾರಿ ಇದೆ. ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಕಲಿತು ಅಲ್ಲಿಯೇ ಆ ಮೂರು ವರ್ಷದ ತರಬೇತಿಗೆ ಸೇರಬಹುದು. ಫೀಸ್ ಇಲ್ಲ, ತಿಂಗಳು ತಿಂಗಳು ಸ್ಟೈಪೆಂಡ್ ಕೊಡುತ್ತಾರೆ. ನನ್ನ ಚಿಕ್ಕಪ್ಪನ ಮಗಳು ಇದೇ ದಾರಿಯಲ್ಲಿ ಬಂದಳು. ಮಾನ್ಯತೆಯ ತಲೆನೋವೇ ಅವಳಿಗೆ ಇರಲಿಲ್ಲ.

ಹೆಜ್ಜೆ 3: ಭಾಷೆ. ಇಲ್ಲಿ ಅವಸರ ಮಾಡಬೇಡಿ

ಭಾಷೆಯ ಮಟ್ಟಗಳು ಶುರುವಿನ ಎ1ನಿಂದ ಎ2, ಬಿ1, ಬಿ2 ಹೀಗೆ ಮೇಲೆ ಹೋಗುತ್ತವೆ. ಬಹುತೇಕ ಜರ್ಮನ್ ರಾಜ್ಯಗಳು ನರ್ಸ್ ಅಂತ ಪೂರ್ಣ ಮಾನ್ಯತೆ ಕೊಡಲು ಬಿ2 ಕೇಳುತ್ತವೆ. ಕಾನೂನು ಪ್ರಕಾರ ಎ2ಗೇ ವೀಸಾ ಸಿಗುವ ದಾರಿಗಳೂ ಇವೆ. ಏಜೆಂಟರು ತೋರಿಸುವುದು ಈ ಬಾಗಿಲನ್ನೇ. "ಎ2 ಸಾಕು, ಉಳಿದಿದ್ದು ಅಲ್ಲಿ ಹೋಗಿ ಕಲಿತರಾಯ್ತು." ನನ್ನ ಮಾತು ಕೇಳಿ. ಕನಿಷ್ಠ ಬಿ1, ಸಾಧ್ಯವಾದರೆ ಬಿ2 ಪೂರ್ತಿ ಮುಗಿಸಿಯೇ ಹೊರಡಿ.

ಯಾಕೆ ಅಂತ ಹೇಳುತ್ತೇನೆ. ಎ2ನಲ್ಲಿ ಬಂದವರು ಪೂರ್ತಿ ಡ್ಯೂಟಿ ಮಾಡಿ, ಸಂಜೆ ಕ್ಲಾಸಿಗೆ ಹೋಗಿ, ಮಾನ್ಯತೆ ಸಿಗುವವರೆಗೆ ಕೊಡುವ ಹೆಲ್ಪರ್ ಸಂಬಳದಲ್ಲಿ ಬದುಕಿ ಬಿ2 ಬರೆಯಬೇಕು. ಫೇಲಾದರೆ ಮಾನ್ಯತೆ ಮುಂದೆ ಹೋಗುತ್ತದೆ, ಸಂಬಳ ಏರುವುದಿಲ್ಲ, ವೀಸಾದ ಅವಧಿ ಓಡುತ್ತಿರುತ್ತದೆ. ಊರಲ್ಲಿ ಅಮ್ಮ ಮಾಡಿಹಾಕಿದ್ದು ತಿಂದು ಫೇಲಾಗುವುದೇ ಬೇರೆ, ಅಲ್ಲಿ ಒಬ್ಬಳೇ ಕೂತು ಫೇಲಾಗುವುದೇ ಬೇರೆ.

ಎಷ್ಟು ಸಮಯ ಬೇಕು? 45 ನಿಮಿಷದ ಪಾಠಗಳ ಲೆಕ್ಕದಲ್ಲಿ, ಶುರುವಿನಿಂದ ಬಿ1 ಮುಟ್ಟಲು 350ರಿಂದ 650, ಬಿ2 ಮುಟ್ಟಲು 600ರಿಂದ 800 ಪಾಠ ಬೇಕು ಅಂತ ಜರ್ಮನ್ ಕಲಿಸಿ ಪರೀಕ್ಷೆ ಮಾಡುವ ಗೋಥೆ ಇನ್‌ಸ್ಟಿಟ್ಯೂಟ್ ಹೇಳುತ್ತದೆ. ಕೆಲಸ ಬಿಟ್ಟು ಪೂರ್ತಿ ಓದಿದರೆ ಒಂದು ವರ್ಷದ ಆಸುಪಾಸು. ಶಿಫ್ಟ್ ಮಾಡುತ್ತಾ ಓದಿದರೆ ಒಂದೂವರೆಯಿಂದ ಎರಡು ವರ್ಷ. "ಆರು ತಿಂಗಳಲ್ಲಿ ಬಿ2" ಅಂತ ಬೋರ್ಡ್ ಹಾಕಿರುವ ಕಡೆ ಹೋಗಬೇಡಿ.

ಬೆಂಗಳೂರಿನಲ್ಲಿ ಗೋಥೆ ಇನ್‌ಸ್ಟಿಟ್ಯೂಟ್ ಇಂದಿರಾನಗರದಲ್ಲಿದೆ. ಮ್ಯಾಕ್ಸ್ ಮ್ಯೂಲರ್ ಭವನ ಅಂದರೂ ಅದೇ. ಕ್ಲಾಸ್ ಬೇರೆ ಕಡೆ ಮಾಡಿ ಪರೀಕ್ಷೆ ಮಾತ್ರ ಅಲ್ಲಿ ಬರೆಯಬಹುದು. ಬಿ2 ಪರೀಕ್ಷೆಯಲ್ಲಿ ನಾಲ್ಕು ಭಾಗ: ಓದು, ಕೇಳು, ಬರಹ, ಮಾತು. ಪ್ರತಿ ಭಾಗದಲ್ಲೂ 100ಕ್ಕೆ 60 ಬರಬೇಕು. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು. ನನಗೆ 'ಕೇಳು' ಭಾಗ ಎರಡು ಸಲ ಹೋಯಿತು. ಪರೀಕ್ಷೆಯ ಸೀಟು ಬೇಗ ತುಂಬುತ್ತದೆ, ಬುಕಿಂಗ್ ತೆರೆಯುವ ದಿನ ನೋಡಿಕೊಂಡಿರಿ.

ಕನ್ನಡದವರಿಗೆ ಒಂದು ಅನುಕೂಲ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಜರ್ಮನ್‌ನಲ್ಲಿ ನಾಮಪದಕ್ಕೆ ವಿಭಕ್ತಿ ಇದೆ. ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ಇದು ಕಬ್ಬಿಣದ ಕಡಲೆ. 'ರೋಗಿಯನ್ನು', 'ರೋಗಿಗೆ', 'ರೋಗಿಯ' ಅಂತ ದಿನವೂ ಮಾತಾಡುವ ನಮಗೆ ಅದು ಹೊಸದೇನಲ್ಲ. ಕ್ರಿಯಾಪದ ವಾಕ್ಯದ ಕೊನೆಗೆ ಹೋಗುವುದೂ ನಮಗೆ ಗೊತ್ತಿರುವ ರೂಢಿಯೇ. ಪುಸ್ತಕದ ಇಂಗ್ಲಿಷ್ ವಿವರಣೆ ತಲೆಗೆ ಹೋಗದಿದ್ದರೆ ವಾಕ್ಯವನ್ನು ಕನ್ನಡಕ್ಕೆ ತಂದು ನೋಡಿ. ನನಗೆ ಅರ್ಧ ವ್ಯಾಕರಣ ಹೀಗೇ ಬಂದಿದ್ದು. ನಾಮಪದದ ಮುಂದೆ ಬರುವ ಡೆರ್, ಡೀ, ಡಾಸ್ ಮಾತ್ರ ಸುಮ್ನೆ ಬಾಯಿಪಾಠ ಮಾಡಬೇಕು. ಅದಕ್ಕೆ ಯಾವ ಉಪಾಯವೂ ಇಲ್ಲ.

ಪುಸ್ತಕದ ಭಾಷೆ ವಾರ್ಡ್‌ನಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. 'ನನಗೆ ಆಗುವುದಿಲ್ಲ' ಅನ್ನುವುದಕ್ಕೆ ನಾನು ಕಲಿತದ್ದು 'ಇಷ್ ಕಾನ್ ನಿಷ್ಟ್'. ಇಲ್ಲಿನ ಅಜ್ಜಂದಿರು ಹೇಳುವುದು 'ಇ ಕಾ ನೆಟ್'. ಮಂಗಳೂರಿನ ಮಾತು ಕಲಿತವಳನ್ನು ಕಲಬುರಗಿಯಲ್ಲಿ ಬಿಟ್ಟ ಹಾಗೆ. ಹಾಗಾಗಿ ಬಿ1 ದಾಟಿದ ಕೂಡಲೇ ಯಾವ ರಾಜ್ಯಕ್ಕೆ ಹೋಗುತ್ತೀರೋ ಅಲ್ಲಿನ ರೇಡಿಯೊ ದಿನಕ್ಕೆ ಅರ್ಧ ಗಂಟೆ ಕೇಳಿ. ಜೊತೆಗೆ ನೋವಿನ ಪದಗಳನ್ನು ಬೇರೆಯಾಗಿ ಕಲಿಯಿರಿ: ಚುಚ್ಚುತ್ತದೆ, ಉರಿಯುತ್ತದೆ, ಎಳೆಯುತ್ತದೆ, ತಲೆ ಸುತ್ತುತ್ತದೆ. ಒಂದು ರಾತ್ರಿ ಒಬ್ಬರು 'ಶ್ವಿಂಡೆಲಿಗ್' ಅಂದಾಗ ನನಗೆ ಹೊಳೆಯದೆ ಎರಡು ಸಲ ಕೇಳಿದೆ. ಅಷ್ಟರಲ್ಲಿ ಅವರು ಮಂಚದ ಅಂಚಿನಿಂದ ಜಾರಿದ್ದರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ತಲೆ ಸುತ್ತು ಅನ್ನುವ ಆ ಪದ ಇನ್ನು ನನಗೆ ಯಾವತ್ತೂ ಮರೆಯುವುದಿಲ್ಲ.

ಹೆಜ್ಜೆ 4: ಕಾಗದ ಪತ್ರ. ಎಲ್ಲಕ್ಕಿಂತ ಮೊದಲು ನಿಮ್ಮ ಹೆಸರು

ಭಾಷೆ ಕಲಿಯುತ್ತಿರುವಾಗಲೇ ಇದನ್ನು ಶುರುಮಾಡಿ. ಕಾಗದ ಸೇರಿಸಲು ಆರೇಳು ತಿಂಗಳು ಸುಲಭವಾಗಿ ಹೋಗುತ್ತದೆ.

ನಮ್ಮವರಿಗೆ ಜಾಸ್ತಿ ತೊಂದರೆ ಕೊಡುವುದು ಇನಿಶಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ 'ಕಾವ್ಯ ಎಚ್.ಆರ್.', ನರ್ಸಿಂಗ್ ಸರ್ಟಿಫಿಕೇಟ್‌ನಲ್ಲಿ 'ಕಾವ್ಯ ರಾಮೇಗೌಡ', ಆಧಾರ್‌ನಲ್ಲಿ ಬರೀ 'ಕಾವ್ಯ', ಪಾಸ್‌ಪೋರ್ಟ್‌ನಲ್ಲಿ 'ಕಾವ್ಯ ಹೊಸಹಳ್ಳಿ ರಾಮೇಗೌಡ'. ನಮಗೆ ಎಲ್ಲವೂ ಒಬ್ಬಳೇ ಕಾವ್ಯ. ಜರ್ಮನ್ ಅಧಿಕಾರಿಗೆ ನಾಲ್ಕು ಜನ. ಅವರಿಗೆ ಒಂದು ಕುಟುಂಬದ ಹೆಸರು, ಒಂದು ಸ್ವಂತ ಹೆಸರು ಎರಡೂ ಬೇಕು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ಬ್ಯಾಂಕ್, ವಿಮೆ, ಸಂಬಳದ ಚೀಟಿ ಪ್ರತಿಯೊಂದರಲ್ಲೂ ಒಂದೊಂದು ಥರ ತುಂಬುತ್ತಾರೆ. ಆದ್ದರಿಂದ ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲದಿದ್ದರೆ ಇನಿಶಿಯಲ್ ಬಿಡಿಸಿ ಬರೆಸಿ, ಸರ್‌ನೇಮ್ ಜಾಗ ತುಂಬಿಸಿ. ಈಗಾಗಲೇ ಆಗಿದ್ದರೆ ಪಾಸ್‌ಪೋರ್ಟ್ ಸರಿಪಡಿಸುವುದು ಮೊದಲ ಕೆಲಸ. ಉಳಿದ ವ್ಯತ್ಯಾಸಗಳಿಗೆ ಈ ಎಲ್ಲ ಹೆಸರೂ ಒಬ್ಬರದ್ದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಇನ್ನು ಬೇಕಾಗುವ ಕಾಗದಗಳು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ. ನರ್ಸಿಂಗ್ ಡಿಪ್ಲೊಮಾ ಅಥವಾ ಡಿಗ್ರಿ ಮತ್ತು ವರ್ಷವಾರು ಅಂಕಪಟ್ಟಿ. ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿ, ಮತ್ತು ನಿಮ್ಮ ಮೇಲೆ ಯಾವ ಕ್ರಮವೂ ಇಲ್ಲ ಅನ್ನುವ ಗುಡ್ ಸ್ಟ್ಯಾಂಡಿಂಗ್ ಪತ್ರ. ಜನನ ಪ್ರಮಾಣಪತ್ರ, ಅದರಲ್ಲಿ ನಿಮ್ಮ ಹೆಸರು ಇದೆಯಾ ಅಂತ ನೋಡಿಕೊಳ್ಳಿ. ನಮ್ಮ ಕಡೆ 'ಹೆಣ್ಣು ಮಗು' ಅಂತ ಮಾತ್ರ ಬರೆದವು ಬೇಕಾದಷ್ಟಿವೆ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲೇ ಆಗುತ್ತದೆ, ಅದನ್ನು ಕೊನೆಯಲ್ಲಿ ಮಾಡಿಸಿ.

ಇವೆಲ್ಲಕ್ಕಿಂತ ತೂಕದ ಕಾಗದ ಒಂದಿದೆ, ಟ್ರಾನ್‌ಸ್ಕ್ರಿಪ್ಟ್. ಯಾವ ವಿಷಯ ಎಷ್ಟು ಗಂಟೆ ಪಾಠ, ಯಾವ ವಾರ್ಡ್‌ನಲ್ಲಿ ಎಷ್ಟು ಗಂಟೆ ಕೆಲಸ ಅಂತ ಬಿಡಿಬಿಡಿಯಾಗಿ ಇರಬೇಕು. ಬಿಎಸ್ಸಿಯವರು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಿಂದ ಪಡೆಯಬೇಕು, ಕಾಲೇಜಿನಿಂದಲೂ ಗಂಟೆಗಳ ವಿವರ ಬರೆಸಿಕೊಳ್ಳಿ. ಅಂಕ ಎಷ್ಟು ಬಂತು ಅನ್ನುವುದಕ್ಕಿಂತ ಗಂಟೆ ಎಷ್ಟಾಯಿತು ಅನ್ನುವುದು ಅಲ್ಲಿ ಮುಖ್ಯ.

ಅನುಭವ ಪತ್ರವೂ ಹಾಗೆಯೇ. "ಇಂತಿಂಥವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ, ನಡತೆ ಉತ್ತಮ" ಅನ್ನುವ ಎರಡು ಸಾಲಿಗೆ ಬೆಲೆ ಇಲ್ಲ. ಯಾವ ವಾರ್ಡ್, ಯಾವ ತಾರೀಕಿನಿಂದ ಯಾವ ತಾರೀಕು, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಅಂತ ಬರೆಸಿಕೊಳ್ಳಿ. ಓದಿನಲ್ಲಿ ಕಡಿಮೆ ಬಿದ್ದ ಗಂಟೆಗಳನ್ನು ಈ ಅನುಭವದಿಂದ ತುಂಬಿಸಬಹುದು. ನಾನಿದ್ದ ಆಸ್ಪತ್ರೆಯಲ್ಲಿ ಸೇರುವಾಗ ಒರಿಜಿನಲ್ ಅಂಕಪಟ್ಟಿ ತೆಗೆದಿಟ್ಟುಕೊಂಡಿದ್ದರು. ವಾಪಸ್ ಪಡೆಯಲು ಮೂರು ತಿಂಗಳು ಎಚ್‌ಆರ್ ಬಾಗಿಲಲ್ಲಿ ನಿಂತೆ. ನೀವು ಈಗ ಕೆಲಸಕ್ಕೆ ಸೇರುತ್ತಿದ್ದರೆ ಒರಿಜಿನಲ್ ತೋರಿಸಿ, ಕೊಡಬೇಡಿ.

ಭಾಷಾಂತರವನ್ನು ಪ್ರಮಾಣಿತ ಭಾಷಾಂತರಕಾರರ ಹತ್ತಿರ ಮಾತ್ರ ಮಾಡಿಸಬೇಕು. ಯಾವ ರಾಜ್ಯಕ್ಕೆ ಹೋಗುವುದು ಅಂತ ತೀರ್ಮಾನವಾದ ಮೇಲೆ, ಆ ರಾಜ್ಯದ ಪಟ್ಟಿ ನೋಡಿ ಮಾಡಿಸಿ. ಮೊದಲೇ ಮಾಡಿಸಿ ದುಡ್ಡು ಕಳೆದುಕೊಂಡವರು ನನಗೆ ಗೊತ್ತು.

ಜೊತೆಗೆ ದಡಾರದ ಲಸಿಕೆ. 2020ರಿಂದ ಅಲ್ಲಿ ಕಾನೂನೇ ಇದೆ. 1970ರ ನಂತರ ಹುಟ್ಟಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಎರಡು ಡೋಸ್ ಆಗಿರುವುದನ್ನೋ ರೋಗನಿರೋಧಕ ಶಕ್ತಿ ಇರುವುದನ್ನೋ ತೋರಿಸಬೇಕು. ಚಿಕ್ಕಂದಿನ ತಾಯಿ ಕಾರ್ಡ್ ಯಾರ ಹತ್ತಿರ ಇರುತ್ತದೆ ಹೇಳಿ? ಊರಲ್ಲಿರುವಾಗಲೇ ಎಂಎಂಆರ್ ಲಸಿಕೆ ಎರಡು ಡೋಸ್ ಹಾಕಿಸಿಕೊಂಡು ಸಹಿ ಸೀಲು ತೆಗೆದುಕೊಳ್ಳಿ.

ಹೆಜ್ಜೆ 5: ಕೆಲಸ ಹುಡುಕುವುದು, ಮತ್ತು ಏಜೆಂಟ್ ವಿಷಯ

ನನ್ನ ಕ್ಲಾಸ್‌ಮೇಟ್ ಒಬ್ಬಳು ಏಜೆಂಟ್‌ಗೆ ಎರಡೂವರೆ ಲಕ್ಷ ಕೊಟ್ಟಳು. ಅಪ್ಪ ಅಡಿಕೆ ಮಂಡಿಯಲ್ಲಿ ಮುಂಗಡ ತಂದಿದ್ದರು. ಒಂದು ವರ್ಷ "ಫೈಲ್ ಮೂವ್ ಆಗ್ತಿದೆ" ಅಂದರು. ಆಮೇಲೆ ಆ ನಂಬರ್ ಸ್ವಿಚ್ ಆಫ್. ಅವಳಿಗೆ ಕೊಟ್ಟಿದ್ದ ಆಫರ್ ಲೆಟರ್‌ನಲ್ಲಿ ಆಸ್ಪತ್ರೆಯ ಊರಿನ ಹೆಸರೇ ತಪ್ಪಾಗಿತ್ತು. ನಾವ್ಯಾರೂ ನೋಡಿರಲಿಲ್ಲ. ಆ ಸಂಕಟ ಇನ್ನೊಬ್ಬರಿಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ದೇಶದ ಕಾನೂನು ಏನು? 1983ರ ವಲಸೆ ಕಾಯ್ದೆ ಪ್ರಕಾರ ವಿದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ನಿಮ್ಮಿಂದ ಅವರು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು. ಆ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟ್ ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. 'ಸ್ಟಡಿ ಅಬ್ರಾಡ್ ಕನ್ಸಲ್ಟೆನ್ಸಿ', 'ಲಾಂಗ್ವೇಜ್ ಅಕಾಡೆಮಿ' ಅಂತ ಬೋರ್ಡ್ ಹಾಕಿಕೊಂಡು ಕೆಲಸ ಕೊಡಿಸುವವರ ಹೆಸರು ಅಲ್ಲಿ ಇಲ್ಲದಿದ್ದರೆ ಎದ್ದು ಬನ್ನಿ.

ಜರ್ಮನಿಯ ಕಡೆಯಿಂದ ನೋಡಿದರೆ ದಾರಿ ಇನ್ನೂ ಸುಲಭ. ಅಲ್ಲಿ ನರ್ಸ್ ಕೊರತೆ ಇದೆ. ಆಸ್ಪತ್ರೆಗಳೇ ಖರ್ಚು ಹಾಕಿ ಕರೆಸಿಕೊಳ್ಳುತ್ತವೆ. ನರ್ಸ್‌ಗಳಿಂದ ದುಡ್ಡು ತೆಗೆದುಕೊಳ್ಳದೆ, ಪೂರ್ತಿ ಖರ್ಚು ಆಸ್ಪತ್ರೆಯದ್ದೇ ಅಂತ ಒಪ್ಪಿದ ಸಂಸ್ಥೆಗಳಿಗೆ 'ಫೇರೆ ಆನ್‌ವೆರ್ಬುಂಗ್ ಪ್ಫ್ಲೇಗೆ ಡಾಯ್ಚ್‌ಲಾಂಡ್' ಅನ್ನುವ ಸರ್ಕಾರಿ ಮುದ್ರೆ ಕೊಡುತ್ತಾರೆ. ಆ ಮುದ್ರೆ ಇರುವವರ ಪಟ್ಟಿ ಆನ್‌ಲೈನ್‌ನಲ್ಲಿದೆ. ಸರ್ಕಾರಿ ಮಟ್ಟದಲ್ಲಿ 'ಟ್ರಿಪಲ್ ವಿನ್' ಯೋಜನೆ ಇದೆ. ಕೇರಳದವರು ಅಲ್ಲಿನ ಸರ್ಕಾರದ ನೋರ್ಕಾ ಸಂಸ್ಥೆಯ ಮೂಲಕ ಅದರಲ್ಲಿ ಹೋಗುತ್ತಾರೆ. ನಮ್ಮ ರಾಜ್ಯದಲ್ಲಿ ಕೌಶಲ್ಯ ಅಭಿವೃದ್ಧಿ ನಿಗಮದ ಕೆಳಗೆ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ. ಮೊದಲು ಅಲ್ಲಿ ವಿಚಾರಿಸಿ. ನೇರವಾಗಿ ಆಸ್ಪತ್ರೆಗಳಿಗೂ ಬರೆಯಬಹುದು. 'ಮೇಕ್ ಇಟ್ ಇನ್ ಜರ್ಮನಿ' ಅಲ್ಲಿನ ಸರ್ಕಾರದ್ದೇ ಪೋರ್ಟಲ್, ಅದರಲ್ಲಿ ಕೆಲಸಗಳ ಪಟ್ಟಿಯೂ ಸಿಗುತ್ತದೆ. ಬಿ2 ಸರ್ಟಿಫಿಕೇಟ್ ಕೈಯಲ್ಲಿದ್ದರೆ ಉತ್ತರ ಬರುವ ವೇಗವೇ ಬೇರೆ.

ಕಾಂಟ್ರ್ಯಾಕ್ಟ್ ಬಂದ ಮೇಲೆ ಕೂತು ಓದಿ. ಮಾನ್ಯತೆಗೆ ಮೊದಲು ಸಂಬಳ ಎಷ್ಟು, ಆದ ಮೇಲೆ ಎಷ್ಟು, ಎರಡೂ ಬರೆದಿರಬೇಕು. ವಾರಕ್ಕೆ ಎಷ್ಟು ಗಂಟೆ, ರೂಮ್ ಕೊಡುತ್ತಾರಾ, ಬಾಡಿಗೆ ಎಷ್ಟು, ಓದಿನ ಗಂಟೆಗಳ ಕೊರತೆ ತುಂಬುವ ಕೋರ್ಸ್ ಯಾರ ಖರ್ಚು. ಆಮೇಲೆ ದುಡ್ಡು ವಾಪಸ್ ಕೊಡುವ ಷರತ್ತು. "ಮೂರು ವರ್ಷದೊಳಗೆ ಬಿಟ್ಟರೆ ಇಷ್ಟು ಸಾವಿರ ಯೂರೋ ಕಟ್ಟಬೇಕು" ಅಂತ ಇರುತ್ತದೆ. ಮೊತ್ತ ಎಷ್ಟು, ತಿಂಗಳು ಕಳೆದ ಹಾಗೆ ಕಡಿಮೆಯಾಗುತ್ತಾ ಬರುತ್ತದೆಯಾ ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರ ಜೊತೆ ಸಹಿ ಮಾಡಬೇಡಿ. ಅಲ್ಲಿಗೆ ಹೋದ ಮೇಲೆ ಇಂಥ ಷರತ್ತಿನಲ್ಲಿ ಸಿಕ್ಕಿಕೊಂಡರೆ 'ಫೇರೆ ಇಂಟೆಗ್ರಾಟ್ಸಿಯೋನ್' ಅನ್ನುವ ಸಲಹಾ ಕೇಂದ್ರಗಳಿವೆ. ಫೀಸ್ ಇಲ್ಲ.

ಹೆಜ್ಜೆ 6: ಮಾನ್ಯತೆ, ಅಂದರೆ ಆನರ್ಕೆನುಂಗ್

ಜರ್ಮನಿಯಲ್ಲಿ 16 ರಾಜ್ಯ. ನರ್ಸ್ ಮಾನ್ಯತೆ ಕೊಡುವುದು ರಾಜ್ಯದ ಕಚೇರಿ. ಎಲ್ಲಿ ಕೆಲಸವೋ ಅಲ್ಲಿನ ಕಚೇರಿಗೆ ಅರ್ಜಿ. ಶುಲ್ಕ ಸಾಮಾನ್ಯವಾಗಿ 100ರಿಂದ 600 ಯೂರೋ. ಆಸ್ಪತ್ರೆ ಮನಸ್ಸು ಮಾಡಿದರೆ 411 ಯೂರೋ ಶುಲ್ಕದ ತ್ವರಿತ ವಿಧಾನದಲ್ಲಿ ಮಾನ್ಯತೆ ಮತ್ತು ವೀಸಾ ಎರಡನ್ನೂ ಜೊತೆಯಾಗಿ ಓಡಿಸಬಹುದು. ಸಂದರ್ಶನದಲ್ಲಿ ಇದನ್ನು ಕೇಳಿ. ಅರ್ಜಿ ಬಗ್ಗೆ ಗೊಂದಲ ಇದ್ದರೆ ಜರ್ಮನ್ ಉದ್ಯೋಗ ಇಲಾಖೆಯ ಮಾನ್ಯತಾ ಸೇವಾ ಕೇಂದ್ರ ಉಚಿತವಾಗಿ ಸಲಹೆ ಕೊಡುತ್ತದೆ. ಇಂಗ್ಲಿಷ್‌ನಲ್ಲೂ ಮಾತಾಡುತ್ತಾರೆ.

ಮೊದಲು ಬರುವ ಉತ್ತರ ಬಹುತೇಕ ಎಲ್ಲರಿಗೂ 'ಡೆಫಿಟ್ಸಿಟ್ ಬೆಶೈಡ್', ಕೊರತೆಯ ಪತ್ರ. ಹೆಸರು ನೋಡಿ ಹೆದರಬೇಡಿ. ನನ್ನ ಪತ್ರ ಬಂದ ದಿನ ಫೇಲಾದೆ ಅಂದುಕೊಂಡು ಊಟ ಬಿಟ್ಟಿದ್ದೆ. ಅದು ಫೇಲ್ ಅಲ್ಲ. ಎಲ್ಲಿ ಎಷ್ಟು ಗಂಟೆ ಕಡಿಮೆ, ಅದನ್ನು ಹೇಗೆ ತುಂಬಬೇಕು ಅಂತ ಹೇಳುವ ಪತ್ರ. ವೀಸಾಕ್ಕೆ ಅದೇ ಆಧಾರ.

ತುಂಬಲು ಎರಡು ದಾರಿ. ಒಂದು ಪರೀಕ್ಷೆ, ಮಾತಿನ ಭಾಗ ಮತ್ತು ವಾರ್ಡ್‌ನಲ್ಲಿ ಮಾಡಿ ತೋರಿಸುವ ಭಾಗ. ಫೇಲಾದ ಭಾಗಕ್ಕೆ ಇನ್ನೊಂದೇ ಅವಕಾಶ. ಇನ್ನೊಂದು ಹೊಂದಾಣಿಕೆಯ ಕೋರ್ಸ್, ಕೆಲವು ತಿಂಗಳು ವಾರ್ಡ್ ಮತ್ತು ಪಾಠ. ಪರೀಕ್ಷೆ ಬೇಗ ಮುಗಿಯುತ್ತದೆ ಅಂತ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ನಾನು ಕೋರ್ಸ್ ಮಾಡಿದೆ, ನಿಮಗೂ ಅದನ್ನೇ ಹೇಳುತ್ತೇನೆ. ಸರ್ಜರಿ, ವೃದ್ಧರ ವಾರ್ಡ್, ಮನೆಮನೆಗೆ ಹೋಗುವ ಆರೈಕೆ ಎಲ್ಲದರಲ್ಲೂ ಯಾರಾದರೂ ಪಕ್ಕದಲ್ಲಿ ನಿಂತು ಕಲಿಸುವ ಅವಕಾಶ ಮತ್ತೆ ಸಿಗುವುದಿಲ್ಲ.

ಹೆಜ್ಜೆ 7: ವೀಸಾ

ಇಷ್ಟೆಲ್ಲ ಸರಿಯಾಗಿ ಮಾಡಿದ್ದರೆ ವೀಸಾ ಸಣ್ಣ ಕೆಲಸ. ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ರಾಷ್ಟ್ರೀಯ ವೀಸಾ ಶುಲ್ಕ 75 ಯೂರೋ. ಕಾಂಟ್ರ್ಯಾಕ್ಟ್, ಕೊರತೆಯ ಪತ್ರ, ಕೋರ್ಸ್ ಅಥವಾ ಪರೀಕ್ಷೆಯ ಯೋಜನೆ, ಭಾಷಾ ಸರ್ಟಿಫಿಕೇಟ್, ವಿಮೆ. ಕಾನ್ಸುಲೇಟ್ ವೆಬ್‌ಸೈಟ್‌ನ ಪಟ್ಟಿ ಪ್ರಿಂಟ್ ತೆಗೆದು, ಅದೇ ಕ್ರಮದಲ್ಲಿ ಜೋಡಿಸಿ. "ವೀಸಾ ಗ್ಯಾರಂಟಿ" ಅನ್ನುವವರು ಸುಳ್ಳು ಹೇಳುತ್ತಿದ್ದಾರೆ. ಅದನ್ನು ಕೊಡುವುದು ಅಧಿಕಾರಿ ಮಾತ್ರ.

ಮದುವೆಯಾದವರು ಗಂಡನಿಗೂ ಈಗಿನಿಂದಲೇ ಎ1 ಕಲಿಸಿ. ಮೊದಲು ನೀವು ಹೋಗಿ, ಮನೆ ನೋಡಿ, ಮಾನ್ಯತೆ ಕೈಗೆ ಬಂದ ಮೇಲೆ ಮನೆಯವರನ್ನು ಕರೆಸಿಕೊಳ್ಳುವುದು ಸಲೀಸು.

ಹೆಜ್ಜೆ 8: ದುಡ್ಡಿನ ಲೆಕ್ಕ, ರೂಪಾಯಿಗೆ ಬದಲಿಸದೆ

ಯೂರೋವನ್ನು ರೂಪಾಯಿ ಮಾಡಿ ನೋಡಿದರೆ ತಲೆ ತಿರುಗುತ್ತದೆ. ಖರ್ಚೂ ಯೂರೋದಲ್ಲೇ ಆಗುತ್ತದೆ ಅಲ್ವಾ? ಆರೈಕೆ ಕೇಂದ್ರಗಳಲ್ಲಿ 2025ರ ಜುಲೈಯಲ್ಲಿ ಕಾನೂನು ಗೊತ್ತು ಮಾಡಿದ ಕನಿಷ್ಠ ಕೂಲಿ ಗಂಟೆಗೆ ಹೆಲ್ಪರ್‌ಗೆ 16.10 ಯೂರೋ, ಮಾನ್ಯತೆ ಪಡೆದ ನರ್ಸ್‌ಗೆ 20.50. ತಿಂಗಳಿಗೆ 167 ಗಂಟೆ ಹಿಡಿದರೆ 2,690 ಮತ್ತು 3,420 ಯೂರೋ ಸುಮಾರು. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಅಂತ ಒಂಟಿಯಾಗಿರುವವರಿಗೆ ಮೂರನೇ ಒಂದು ಭಾಗದ ಹತ್ತಿರ ಕಡಿತವಾಗುತ್ತದೆ. ಹೆಲ್ಪರ್ ಮತ್ತು ನರ್ಸ್ ನಡುವಿನ 730 ಯೂರೋ ನೋಡಿ. ಬಿ2 ಒಂದು ವರ್ಷ ತಡವಾದರೆ ನೀವು ಕಳೆದುಕೊಳ್ಳುವುದು ಅದನ್ನೇ, ತಿಂಗಳು ತಿಂಗಳು.

ಮನೆ ಬಾಡಿಗೆಯಲ್ಲಿ 'ಕಾಲ್ಟ್' ಅಂದರೆ ಬರೀ ಜಾಗದ್ದು, 'ವಾರ್ಮ್' ಅಂದರೆ ಹೀಟರ್, ನೀರು ಸೇರಿ. ಮುಂಗಡ ಮೂರು ತಿಂಗಳ 'ಕಾಲ್ಟ್' ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಟಿವಿ ಇಲ್ಲದಿದ್ದರೂ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಇದೆ. ಆ ಪತ್ರ ಬಂದಾಗ ಮೋಸ ಅಂದುಕೊಂಡು ಹರಿದು ಹಾಕಬೇಡಿ. ಮೊದಲ ಸಂಬಳ ಬರುವವರೆಗೆ ಎರಡು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳಿ. ಊರಿಗೆ ದುಡ್ಡು ಕಳಿಸುವುದು ನಾಲ್ಕನೇ ತಿಂಗಳಿಂದ ಅಂತ ಮನೆಯಲ್ಲಿ ಈಗಲೇ ಹೇಳಿ. ಹೇಳುವುದು ಕಷ್ಟ, ಗೊತ್ತು. ಹೇಳದೆ ಬಂದರೆ ಅದಕ್ಕಿಂತ ಕಷ್ಟ.

ಹೆಜ್ಜೆ 9: ಮೊದಲ ವಾರಗಳು

ಮನೆಗೆ ಬಂದ 14 ದಿನದೊಳಗೆ ಆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದೇ ಆನ್‌ಮೆಲ್ಡುಂಗ್. ಮಾಲೀಕರ ಸಹಿ ಇರುವ ಒಂದು ಫಾರ್ಮ್ ಬೇಕಾಗುತ್ತದೆ. ಅದು ಆಗದೆ ತೆರಿಗೆ ನಂಬರ್ ಬರುವುದಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹಾಲು, ಅಕ್ಕಿ ತಂದಿಡಿ. ರಾಗಿ ಹಿಟ್ಟು ಊರಿಂದ ಹೊತ್ತು ತರಬೇಡಿ. ದೊಡ್ಡ ಊರುಗಳಲ್ಲಿ ಶ್ರೀಲಂಕಾ ತಮಿಳರ ಅಂಗಡಿಗಳಿವೆ, ಅಲ್ಲಿ ಸಿಗುತ್ತದೆ. ತೂಕ ಉಳಿದರೆ ಒಳ್ಳೆಯ ಮೆತ್ತನೆ ಶೂ ತನ್ನಿ.

ನವೆಂಬರ್‌ಗೆ ಮನಸ್ಸು ಸಿದ್ಧ ಮಾಡಿಕೊಳ್ಳಿ. ಸಂಜೆ ನಾಲ್ಕೂವರೆಗೆ ಕತ್ತಲು. ಊರಿಗೂ ಅಲ್ಲಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ಮಧ್ಯಾಹ್ನದ ಶಿಫ್ಟ್ ಮುಗಿಸಿ ನೀವು ಫೋನ್ ಹಿಡಿಯುವಾಗ ಅಮ್ಮ ಮಲಗಿರುತ್ತಾರೆ. ನಾನು ಹೊರಡುವ ಮುಂಚೆಯೇ ಅಮ್ಮನ ಜೊತೆ ಒಂದು ಹೊತ್ತು ಗೊತ್ತು ಮಾಡಿಕೊಂಡೆ. ಅವರು ಬೆಳಗ್ಗೆ ಹಾಲು ಕರೆದು ಒಳಗೆ ಬಂದ ಮೇಲೆ, ನಾನು ರಾತ್ರಿ ಡ್ಯೂಟಿಯ ಬಿಡುವಿನಲ್ಲಿ. ಐದು ನಿಮಿಷ ಸಾಕು. ಫ್ರಾಂಕ್‌ಫರ್ಟ್ ಸುತ್ತಮುತ್ತಲಿನವರಿಗೆ ರೈನ್ ಮೈನ್ ಕನ್ನಡ ಸಂಘ, ಮ್ಯೂನಿಕ್‌ನವರಿಗೆ ಸಿರಿಗನ್ನಡ ಕೂಟ ಇದೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಹೋಗಿ ಬನ್ನಿ. ಉಳಿದ ದಿನ ಜರ್ಮನ್ ಮಾತಾಡುವವರ ಜೊತೆಯೇ ಊಟಕ್ಕೆ ಕೂರಿ.

ಮನೆಯ ಕೀ ಕೈಗೆ ಬಂದ ದಿನವೇ ಮಾಡಬೇಕಾದ ಕೆಲಸ ಒಂದಿದೆ. ಕೆಳಗಿನ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಜರ್ಮನಿಯಲ್ಲಿ ಮನೆಗಳಿಗೆ ಫ್ಲಾಟ್ ನಂಬರ್ ಇರುವುದು ಕಡಿಮೆ. ಪೋಸ್ಟ್‌ಮ್ಯಾನ್ ಹೆಸರು ನೋಡಿಯೇ ಪತ್ರ ಹಾಕುತ್ತಾನೆ, ಹೆಸರು ಕಾಣದಿದ್ದರೆ ವಾಪಸ್ ಒಯ್ಯುತ್ತಾನೆ. ಬ್ಯಾಂಕ್ ಕಾರ್ಡ್, ತೆರಿಗೆ ನಂಬರ್, ವಿಮೆ ಎಲ್ಲ ಅಂಚೆಯಲ್ಲೇ ಬರುತ್ತದೆ. ನಾನು ಮೊದಲು 'ಎಚ್.ಆರ್.' ಥರ ಇನಿಶಿಯಲ್ ಜೊತೆ ಬರೆದು ಅಂಟಿಸಿದ್ದೆ. ಬ್ಯಾಂಕ್ ಕಾರ್ಡ್ ಎರಡು ಸಲ ವಾಪಸ್ ಹೋಯಿತು. ಆಮೇಲೆ ಪಾಸ್‌ಪೋರ್ಟ್ ತೆರೆದಿಟ್ಟುಕೊಂಡು, ಅದರಲ್ಲಿರುವ ಸರ್‌ನೇಮ್ ಅಕ್ಷರ ಬಿಡದೆ ದಪ್ಪಗೆ ಬರೆದೆ. ನಮ್ಮಪ್ಪನ ಹೆಸರು ಅದು. 14 ತಿಂಗಳ ನಂತರ ನರ್ಸ್ ಅಂತ ಮಾನ್ಯತೆ ಕೊಟ್ಟ ಪ್ರಮಾಣಪತ್ರ ಅದೇ ಡಬ್ಬಿಗೆ ಬಂದು ಬಿತ್ತು.